ಲೀಸಲ್‌ಳ ಜಾಗದಲ್ಲಿ ಜಾನಕಿ

ಹುಟ್ಟಲಿರುವುದು ಹೆಣ್ಣು ಎಂದು ಸ್ಕ್ಯಾನ್ ಮಾಡಿದವಳು ನಗುನಗುತ್ತಾ ಹೇಳಿಬಿಟ್ಟಳು. ಊರಿನಲ್ಲಾಗಿದ್ದರೆ ಹಾಗೆ ಹೇಳಿದವರು ಜೈಲಿಗೆ ಹೋಗಬೇಕಿತ್ತು. ಅದರ ಮುಂದಿನ ವಾರವೇ ನಮ್ಮತ್ತೆ ಗ್ರೇಟಾ ಒಂದು ಪುಟ್ಟ ದಿಂಬು ತಂದರು. ಅದರ ಮೇಲೆ ನೀಲಿ ದಾರದಲ್ಲಿ ಮಗುವಿನ ಹೆಸರು ಕಸೂತಿಯಾಗಿತ್ತು: ಈಡಿತ್ ಲೀಸಲ್. ನನಗೆ ಅದನ್ನು ಮುಟ್ಟಲು ಕೈ ಬರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಹುಟ್ಟದ ಮಗುವಿಗೆ ತೊಟ್ಟಿಲನ್ನೂ ತರುವುದಿಲ್ಲ. ಇಲ್ಲಿ ಹೆಸರು ಮೊದಲು, ಮಗು ಆಮೇಲೆ.

ನನ್ನ ಗಂಡ ಆಲನ್‌ನ ತಂದೆಯ ಕಡೆಯವರು ಇಂಗ್ಲೆಂಡಿನ ಯಾರ್ಕ್‌ಶೈರಿನಿಂದ ಬಂದವರು, ತಾಯಿಯ ಕಡೆಯವರು ಜರ್ಮನಿಯವರು. ಈಡಿತ್ ಎಂದರೆ ಅವನ ತಂದೆಯ ತಾಯಿ, ಲೀಸಲ್ ಎಂದರೆ ಗ್ರೇಟಾ ಅವರ ಅಜ್ಜಿ. ಎರಡೂ ಕಡೆಗೆ ಸಮನಾಗಿ ಹಂಚಿಯಾಗಿತ್ತು. ಮೂರನೆಯ ಕಡೆಯೊಂದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಡೆಟ್ರಾಯಿಟ್ ಸುತ್ತಮುತ್ತ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಆಲನ್ ಲಿವೋನಿಯಾದಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ. ಕಂಪನಿ ಮುಚ್ಚಿತು, ಅದೇ ಊರಿನಲ್ಲಿದ್ದ ನಮ್ಮ ಮನೆ ಸಾಲ ಕಟ್ಟಲಾಗದೆ ಬ್ಯಾಂಕಿನ ಪಾಲಾಯಿತು. ಅತ್ತೆ ಇದ್ದದ್ದು ವೃದ್ಧರಿಗೆಂದೇ ಇರುವ ಒಂದು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ; ಅಲ್ಲಿ ನಮಗೆ ಜಾಗವಿರಲಿಲ್ಲ. ಕೊನೆಗೆ ನಮ್ಮನ್ನು ಕರೆದುಕೊಂಡು ಹೋದವರು ವೆಸ್ಟ್ ಬ್ಲೂಮ್‌ಫೀಲ್ಡಿನ ಪ್ರಭಾ ಆಂಟಿ. ಅಮ್ಮನ ಕಾಲೇಜಿನ ಗೆಳತಿ, ಇಲ್ಲಿ ಮಕ್ಕಳ ಡಾಕ್ಟರು.

"ಬೇಸ್‌ಮೆಂಟ್ ಖಾಲಿ ಬಿದ್ದಿದೆ ಕಣೇ ವಸು. ಬಾಣಂತನ ನಾನು ಮಾಡ್ತೀನಿ. ಸುಮ್ನೆ ಬಂದ್ಬಿಡಿ" ಎಂದರು.

ಬೇಸ್‌ಮೆಂಟ್ ಎಂದರೆ ನೆಲದೊಳಗಿನ ಮಹಡಿ. ಕಿಟಕಿ ಸೂರಿಗೆ ಅಂಟಿಕೊಂಡಿರುತ್ತದೆ, ಅದರಾಚೆ ಹಿಮದ ಬುಡ ಕಾಣುತ್ತದೆ. ಅಲ್ಲಿ ನನಗೆ ಹೊಸದೇನೂ ಇರಲಿಲ್ಲ. ಮೇಲಿನಿಂದ ಒಗ್ಗರಣೆಯ ಘಮ ಇಳಿದು ಬರುತ್ತಿತ್ತು, ಬೆಳಿಗ್ಗೆ ಸುಪ್ರಭಾತ ಕೇಳುತ್ತಿತ್ತು. ಹೊಸದಾಗಿದ್ದದ್ದು ಆಲನ್‌ಗೆ. ಬಾಗಿಲಲ್ಲೇ ಶೂ ಬಿಚ್ಚುವುದು, ಕೈಯಲ್ಲಿ ಸಾರನ್ನ ಕಲಸುವುದು, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕು ಆಂಟಿ" ಎನ್ನುವುದು, ಎಲ್ಲವನ್ನೂ ಅವನು ಕಲಿತ. ಹುಟ್ಟಿದ ಊರು ಕೂಗಳತೆಯಲ್ಲಿತ್ತು, ಆದರೆ ಅವನು ಪರದೇಶಿಯಾಗಿದ್ದ. ಈ ದೇಶದಲ್ಲಿ ಆರು ವರ್ಷ ನಾನು ಅನುಭವಿಸಿದ್ದನ್ನು ಅವನು ಒಂದು ಚಳಿಗಾಲದಲ್ಲಿ ಅನುಭವಿಸಿದ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ಹಸಿವಿತ್ತು, ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು.

ನಾನೂ ಕೆಲಸ ಹುಡುಕುತ್ತಿದ್ದೆ. ಅರ್ಜಿಗಳಲ್ಲಿ ಆಲನ್‌ನ ಮನೆತನದ ಹೆಸರು ಸೇರಿಸಿ ವಸುಧಾ ವಿಟೇಕರ್ ಎಂದು ಬರೆಯಲು ತೊಡಗಿದ ಮೇಲೆ ಕರೆಗಳು ಬಂದವು. ತವರಿನ ಹೆಸರಿದ್ದಾಗ ಒಂದೂ ಬಂದಿರಲಿಲ್ಲ. ಒಂದು ಲ್ಯಾಬಿನ ಸಂದರ್ಶನದಲ್ಲಿ ಮ್ಯಾನೇಜರ್ ಹೊರಗೆ ಬಂದು "ವಿಟೇಕರ್?" ಎಂದಳು. ನಾನು ಹೊಟ್ಟೆ ಹಿಡಿದುಕೊಂಡು ಎದ್ದೆ. ಅವಳು ನನ್ನ ಭುಜದಾಚೆ ಖಾಲಿ ಕುರ್ಚಿಗಳ ಕಡೆ ನೋಡಿ, ಮತ್ತೊಮ್ಮೆ ಅದೇ ಹೆಸರು ಕೂಗಿದಳು. "ನಾನೇ" ಎಂದೆ. ಅವಳು ಮರ್ಯಾದೆಯಿಂದಲೇ ಮಾತಾಡಿ, ಮರ್ಯಾದೆಯಿಂದಲೇ ಕಳಿಸಿಕೊಟ್ಟಳು.

ಇದನ್ನು ಆಲನ್‌ಗೆ ಹೇಳಿದೆ. "ಮಗಳ ಮುಖ ನನ್ನ ಹಾಗೇ ಇದ್ದರೆ? ಈಡಿತ್ ಅಂತ ಕರೆದು ಅವಳ ಹಿಂದೆ ಯಾರನ್ನೋ ಹುಡುಕ್ತಾರೆ. ನಮ್ಮಜ್ಜಿ ಹೆಸರು ಜಾನಕಿ. ಅದನ್ನಿಡೋಣ."

"ಕರೆದ್ರಲ್ಲ!" ಎಂದ ಅವನು. "ಹೆಸರು ನೋಡಿ ನಿನ್ನ ಕರೆದ್ರು ವಸು. ಬಾಗಿಲಾದ್ರೂ ತೆಗೀತು. ಮನೆ ಹೋಯ್ತು, ಕೆಲಸ ಹೋಯ್ತು. ನನ್ನ ಮಗಳಿಗೆ ನಾನು ಕೊಡಬಹುದಾದದ್ದು ಹೆಸರು ಬಿಟ್ಟು ಇನ್ನೇನಿದೆ, ಹೇಳು? ಅದನ್ನೂ ಬೇಡ ಅಂತೀಯಾ?"

ನಾವಿಬ್ಬರೂ ಹೇಳಿದ್ದು ನಿಜವಾಗಿತ್ತು. ಹಾಗಾಗಿ ಜಗಳ ಮುಗಿಯಲಿಲ್ಲ. ಮೇಲೆ ಆಂಟಿಗೆ ಕೇಳಿಸಬಾರದೆಂದು ಪಿಸುಗುಟ್ಟುತ್ತಲೇ ಜಗಳವಾಡಿದೆವು.

ಅಷ್ಟರಲ್ಲಿ ಆಲನ್‌ಗೆ ಶಿಕಾಗೊ ಹತ್ತಿರದ ಇಟಾಸ್ಕಾದಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ಹಳೆಯ ಸಹೋದ್ಯೋಗಿಯ ಸೋಫಾದ ಮೇಲೆ ಮಲಗುತ್ತಾ, ವಾರಾಂತ್ಯಕ್ಕೆ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ನೋವು ಕಾಣಿಸಿಕೊಂಡ ದಿನ ಅವನು ಅಲ್ಲಿದ್ದ. ಆಸ್ಪತ್ರೆಗೆ ಕರೆದೊಯ್ದದ್ದು ಆಂಟಿ, ಹೆರಿಗೆ ಕೋಣೆಯಲ್ಲಿ ನನ್ನ ಕೈ ಹಿಡಿದದ್ದು ಅತ್ತೆ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಉಸಿರಾಟ ಸರಿ ಇರಲಿಲ್ಲ. ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ವಿಟೇಕರ್, ಹೆಣ್ಣು ಮಗು' ಎಂದಷ್ಟೇ ಇತ್ತು. ಆಲನ್ ಬಂದು ಆ ಪೆಟ್ಟಿಗೆಯ ಮುಂದೆ ನಿಂತವನು ಕೋಟು ಕೂಡ ಬಿಚ್ಚದೆ ಬಿಕ್ಕಿದ. ಅವತ್ತು ನಾನು ಸೋತೆ. "ನಿನಗೆ ಬೇಕಾದ ಹೆಸರೇ ಇಡು. ಅವಳು ಉಳಿದ್ರೆ ಸಾಕು" ಎಂದೆ.

ಅವಳು ಉಳಿದಳು. ಮೊದಲ ಬಾರಿ ನನ್ನ ತೋಳಿಗೆ ಕೊಟ್ಟ ಮಧ್ಯಾಹ್ನ ಗ್ರೇಟಾ ಪಕ್ಕದಲ್ಲಿದ್ದರು. ನಾನು ನನಗರಿವಿಲ್ಲದೆ "ಜಾನೂ, ಜಾನಮ್ಮಾ" ಎನ್ನುತ್ತಿದ್ದೆನಂತೆ.

"ಅದ್ಯಾರು?" ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಹೇಳಿದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಮ್ಮ ಅಜ್ಜಿ ಲೀಸಲ್ ಕಥೆ ಹೇಳಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಈ ದೇಶದಲ್ಲಿ ಜರ್ಮನ್ ಮಾತಾಡಿದರೆ ಕಲ್ಲು ಬೀಳುತ್ತಿತ್ತಂತೆ. ಅವರ ಮನೆಯವರು ಶ್ನೈಡರ್ ಎಂಬ ಹೆಸರನ್ನು ಟೇಲರ್ ಎಂದು ಬದಲಿಸಿಕೊಂಡರು. ಎರಡಕ್ಕೂ ದರ್ಜಿ ಎಂದೇ ಅರ್ಥ. ಲೀಸಲ್ ಬೀದಿಯಲ್ಲಿ ಎಲಿಜಬೆತ್ ಆದಳು.

"ಗೋರಿ ಮೇಲೂ ಎಲಿಜಬೆತ್ ಅಂತಲೇ ಇದೆ. ಅವಳ ನಿಜವಾದ ಹೆಸರು ಎಲ್ಲಾದ್ರೂ ಒಂದು ಕಡೆ ಇರಲಿ ಅಂತ ನನಗಾಸೆ ಇತ್ತು" ಎಂದರು.

"ಹಾಗಾದ್ರೆ ಇರಲಿ. ನಾನು ಬೇಡ ಅನ್ನೋದಿಲ್ಲ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಗ್ರೇಟಾ ತಲೆ ಅಲ್ಲಾಡಿಸಿದರು. "ಲೀಸಲ್ ಸತ್ತು ಎಷ್ಟೋ ಕಾಲವಾಯ್ತು, ವಸುಧಾ. ನೀನು ಬದುಕಿದ್ದೀಯ. ಈಡಿತ್ ಅನ್ನೋ ಹೆಸರು ಜರ್ಮನಿಯಲ್ಲೂ ಇದೆ, ಅಲ್ಲಿ ಏಡಿಟ್ ಅಂತಾರೆ. ನಾನು ಹಾಗೆ ಕರೀತೀನಿ. ನನ್ನ ಪಾಲು ಅದರಲ್ಲೇ ಬಂತು. ಇನ್ನೊಂದು ಜಾಗ ನಿಮ್ಮಜ್ಜಿಗೆ ಬಿಡು."

ಆಲನ್ ತಾಯಿಯ ಮಾತನ್ನು ತೆಗೆದುಹಾಕಲಿಲ್ಲ. ಈಡಿತ್ ಜಾನಕಿ ವಿಟೇಕರ್ ಎಂದು ಆಸ್ಪತ್ರೆಯವರಿಗೆ ಹೇಳಿದ. ಹೇಳಿ ಬಂದವನು ನನಗೆ ಸಮಾಧಾನವಾಗಲೆಂದೋ ತನಗಾಗಲೆಂದೋ, "ಮುಂದೆ ಬೇಕಾದ್ರೆ ಅವಳು ಜಾನಕಿ ಬದಲು ಬರೀ ಜೆ ಅಂತ ಹಾಕ್ಕೋಬಹುದು" ಎಂದ. ನಾನು ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ.

ಈಗ ನಾವು ಇಟಾಸ್ಕಾದಲ್ಲಿದ್ದೇವೆ. ಸುತ್ತ ಆಫೀಸುಗಳು, ಹೋಟೆಲುಗಳು, ತಲೆಯ ಮೇಲೆ ಇಳಿಯುವ ವಿಮಾನಗಳು. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ. ಗುತ್ತಿಗೆ ಮುಗಿದರೆ ಮುಂದೇನೆಂದು ನಾವು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಮಗಳು ಅಪ್ಪ ಈಡೀ ಎಂದರೂ ತಿರುಗುತ್ತಾಳೆ, ನಾನು ಜಾನೂ ಎಂದರೂ ತಿರುಗುತ್ತಾಳೆ, ಫೋನಿನಲ್ಲಿ ಅಜ್ಜಿ ಏಡಿಟ್ ಎಂದರೆ ಫೋನನ್ನೇ ನೆಕ್ಕುತ್ತಾಳೆ. ಮೈಸೂರಿನಿಂದ ಅಮ್ಮ ಮಾತ್ರ ಯಾವ ಹೆಸರನ್ನೂ ಹಿಡಿಯದೆ "ಪುಟ್ಟಿ ಹೇಗಿದಾಳೆ?" ಎನ್ನುತ್ತಾಳೆ.

ಹೋದ ತಿಂಗಳು ಅತ್ತೆಯನ್ನು ನೋಡಲು ಮಿಷಿಗನ್ನಿಗೆ ಹೋದೆವು. ಗಂಟೆಗಟ್ಟಲೆ ಬೂದು ಹೆದ್ದಾರಿ, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗು. ಲಿವೋನಿಯಾದ ಎಕ್ಸಿಟ್ ಫಲಕ ಕಂಡದ್ದೇ ನನ್ನ ಬಾಯಿಂದ ತಾನಾಗಿ ಬಂತು: "ಸದ್ಯ, ಊರು ಬಂತು."

ಆಲನ್‌ಗೆ ಅರ್ಥವಾಗುವ ಕೆಲವೇ ಕನ್ನಡ ಪದಗಳಲ್ಲಿ 'ಊರು' ಒಂದು. ಅವನು ನನ್ನ ಕಡೆ ತಿರುಗಿ ನೋಡಿದ. ನಾನು ಗಾಬರಿಯಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಮೈಸೂರಿನ ಹೊರತು ಬೇರೆ ಯಾವುದಕ್ಕೂ ನಾನು ಆ ಮಾತನ್ನು ಆಡಿರಲಿಲ್ಲ. ಲಿವೋನಿಯಾದಲ್ಲಿ ಈಗ ನಮಗೆ ಮನೆಯೂ ಇರಲಿಲ್ಲ.