ತಿರ್ಲಾಪುರ ರಸ್ತೆಯ ಹೊಟ್ಟಿನ ಚೀಲಗಳು

ರಾಮವ್ವ ಸೈಕಲ್ ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ. ತಿರ್ಲಾಪುರದ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡಿಗೆ ಕೆಲಸ ಸಿಕ್ಕಿತ್ತು. ಅವರ ಊರು ಹೊಸಗೇರಿಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಬಸ್ಸು ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಬೇಳೆ ಬೆಂದಿರಬೇಕು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದ ನೀಲಿ ಸೈಕಲ್ಲನ್ನು ಕಣದಲ್ಲಿ ಎಂಟು ದಿನ ದೂಡಾಡಿ, ಒಂಬತ್ತನೇ ದಿನ ಏರಿದರು. ಇಳಿಯುವುದನ್ನು ಮಾತ್ರ ಇನ್ನೂ ಸರಿಯಾಗಿ ಕಲಿತಿಲ್ಲ. ಶಾಲೆಯ ಗೇಟಿನ ಬಳಿ ಒಂದು ಬೇವಿನ ಮರವಿದೆ, ಅದನ್ನು ತಬ್ಬಿ ನಿಲ್ಲುತ್ತಾರೆ. ಏಳು ವರ್ಷಗಳಲ್ಲಿ ಅವರ ಕೈ ತಾಗುವ ಎತ್ತರದಲ್ಲಿ ಮರದ ತೊಗಟೆ ನುಣುಪಾಗಿದೆ.

ಬೆಳಿಗ್ಗೆ ಎಂಟೂವರೆಗೆ ಅವರು ಹೊರಟರೆ ಹಿಂದೆ ಊರಿನ ಆರು ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಾರೆ. ರಾಮವ್ವ ಎಲ್ಲರಿಗೂ ಆಯಿ, ಅಂದರೆ ಅಜ್ಜಿ. ಆಯಿಯನ್ನು ಯಾರೂ ದಾಟಿ ಹೋಗುವಂತಿಲ್ಲ. ಇದರಿಂದ ಎಲ್ಲರಿಗೂ ದಿನಾಲೂ ಐದು ನಿಮಿಷ ತಡವಾಗುತ್ತದೆ.

ಊರು ಮತ್ತು ಶಾಲೆಯ ನಡುವೆ ಹಳ್ಳದ ತಿರುವು. ಅಲ್ಲಿ ಡಾಂಬರು ಕಿರಿದು, ಜಲ್ಲಿ ಕಡಿ ತುಂಬಿದ ಟಿಪ್ಪರುಗಳು ಜೋರು. ಡಾಂಬರು ಬಿಟ್ಟು ಕೆಳಗಿಳಿದರೆ ಎರೆಮಣ್ಣು. ಒಣಗಿದ್ದಾಗ ಬಿರುಕು, ನೆನೆದಾಗ ಅಂಟು. ಮಡ್‌ಗಾರ್ಡಿನೊಳಗೆ ಹೊಕ್ಕರೆ ಗಾಲಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಕಳೆದ ಜುಲೈನಲ್ಲಿ ಈ ಸಾಲಿನ, ಹತ್ತನೇ ತರಗತಿಯ ರೇಷ್ಮಾ ಹೀಗೇ ಬಿದ್ದಳು. ಹಿಂದಿನಿಂದ ಹಾರ್ನ್ ಕೇಳಿ ಕೆಳಗಿಳಿದಳು, ಗಾಲಿ ನಿಂತಿತು, ಅವಳು ನಿಲ್ಲಲಿಲ್ಲ. ಎಡಗೈ ಮುರಿಯಿತು.

ಅವಳ ತಾಯಿ ಖಾದರಬಿ ಅಂದೇ ತೀರ್ಮಾನ ಹೇಳಿದರು: "ಯಕ್ಕಾ, ಕೈ ಕೂಡ್ಲಿ, ಕಳಸ್ತೀನಿ. ಆದ್ರ ಆ ತಿರುವಿನಾಗ ಇನ್ನೊಮ್ಮಿ ಹಿಂಗಾತಂದ್ರ ಸಾಲಿ ಬಂದ್. ಮನ್ಯಾಗ ಕುಂಡ್ರತಾಳ."

"ತಡಿ ಬೇ. ನಾ ರಸ್ತಾ ಸರಿ ಮಾಡಸ್ತೀನಿ," ಅಂದುಬಿಟ್ಟರು ರಾಮವ್ವ. ರಸ್ತೆ ಹೇಗೆ ಸರಿ ಮಾಡಿಸುತ್ತಾರೆ ಎಂಬುದು ಆಗ ಅವರಿಗೂ ಗೊತ್ತಿರಲಿಲ್ಲ.

ಮೊದಲು ಅರ್ಜಿ. ಹುಡುಗಿಯರೇ ಬರೆದರು: ರಸ್ತೆಯ ಎರಡೂ ಅಂಚಿಗೆ ಗರಸು ಹಾಕಿ ಗಟ್ಟಿ ಮಾಡಬೇಕು, ಬಿಳಿ ಗೆರೆ ಎಳೆಯಬೇಕು. ಪಂಚಾಯ್ತಿಯ ಸದಸ್ಯರೊಬ್ಬರು ಓದಿ ನಕ್ಕರು.

"ಸೈಕಲ್ಲಿಗೆ ಬ್ಯಾರೆ ರಸ್ತಾ ಬೇಕೇನ್ ಬೇ ರಾಮವ್ವ? ನಾಳೆ ಎಮ್ಮೀಗೂ ಒಂದು ಕೇಳ್ತೀಯೇನ?"

"ಎಮ್ಮೀಗೆ ಬ್ಯಾಡ್ರಿ. ಅದು ನಡು ರಸ್ತಾದಾಗ ನಿಂತ್ರೂ ಟಿಪ್ಪರ್ ನಿಲ್ಲತೈತಿ. ನಮಗ ನಿಲ್ಲಂಗಿಲ್ಲ."

ಸದಸ್ಯರು ಸಹಿ ಹಾಕಿ ಅರ್ಜಿಯನ್ನು ಮೇಲಿನ ಕಚೇರಿಗೆ ಕಳಿಸಿದರು. ಅದು ಇನ್ನೂ ಪ್ರಯಾಣದಲ್ಲಿದೆ, ಬಹುಶಃ ರಾಮವ್ವನ ಹಿಂದೆಯೇ.

ಆಗಸ್ಟ್ ಕೊನೆಗೆ ಹೆಸರುಕಾಳಿನ ಸುಗ್ಗಿ ಬಂತು. ಈ ಕಡೆಯ ರೈತರಿಗೆ ಡಾಂಬರು ರಸ್ತೆಯೇ ಕಣ. ಕಿತ್ತ ಗಿಡ ಹರವಿದರೆ ಗಾಡಿಗಳು ಮೇಲೆ ಹಾಯ್ದು ಒಕ್ಕಣೆ ಮಾಡಿಕೊಡುತ್ತವೆ. ಆಮೇಲೆ ಕಾಳನ್ನು ಅಂಚಿನಲ್ಲಿ ಒಣಹಾಕಿ ಸುತ್ತ ಚೀಲ ಇಡುತ್ತಾರೆ. ಚೀಲ ಕಂಡರೆ ಯಾವ ಚಾಲಕನೂ ಹತ್ತಿರ ಬರುವುದಿಲ್ಲ. ಕಾಳಿನ ಮೇಲೆ ಗಾಲಿ ಹೋದರೆ ಮುಂದಿನ ಊರಿನವರೆಗೆ ಬೈಗುಳ ಬೆನ್ನು ಹತ್ತುತ್ತದೆಂದು ಅವನಿಗೆ ಗೊತ್ತು.

ಒಂದು ಸಂಜೆ ರಾಮವ್ವ ಇದನ್ನು ನೋಡುತ್ತ ನಿಂತರು. ಹುಡುಗಿಯರ ಮೊಣಕೈ ಸವರಿಕೊಂಡು ಬಂದ ಟಿಪ್ಪರ್ ಒಂದು, ಮುಂದೆ ಯಾರದೋ ಕಾಳು ಕಂಡು ಮದುಮಗನ ಕುದುರೆಯಂತೆ ಮೆಲ್ಲಗೆ ಸುತ್ತಿ ಹೋಯಿತು.

ಮರುದಿನ ಹಳ್ಳದ ತಿರುವಿನಲ್ಲಿ ನಲವತ್ತು ಗೋಣಿಚೀಲಗಳು ಸಾಲಾಗಿ ನಿಂತವು. ಒಳಗೆ ಬರೀ ಹೊಟ್ಟು. ಅಂಚಿನಿಂದ ಎರಡು ಮೊಳ ಬಿಟ್ಟು ಇಟ್ಟ ಸಾಲು. ಒಳಗಿನ ಖಾಲಿ ಪಟ್ಟಿ ಸೈಕಲ್ಲಿಗೆ. ಕಲ್ಲು ಇಡಬಹುದಲ್ಲ ಎಂದವರಿಗೆ, "ಬೈಕಿನವರು ಬೀಳ್ತಾರ, ಅವರೂ ಮನಿಶ್ಯಾರ" ಎಂದರು. ನಸುಕಿಗೆ ಇಟ್ಟು, ಸಂಜೆ ಹುಡುಗಿಯರು ದಾಟಿದ ಮೇಲೆ ತೆಗೆದು, ತಿರುವಿಗೆ ಹತ್ತಿದ ತಮ್ಮ ಹೊಲದ ಗುಡಿಸಲಲ್ಲಿ ಒಟ್ಟುತ್ತಿದ್ದರು. ಮರಳಿ ಬರುವಾಗ ದಾರಿ ರಸ್ತೆಯ ಇನ್ನೊಂದು ಬದಿಯಾದ್ದರಿಂದ ಮಧ್ಯಾಹ್ನದ ಮೇಲೆ ಚೀಲಗಳೂ ರಸ್ತೆ ದಾಟುತ್ತಿದ್ದವು. ಇದು ಯಾವ ನಿಯಮದಲ್ಲೂ ಇಲ್ಲದ ವ್ಯವಸ್ಥೆ ಎಂಬುದು ರಾಮವ್ವನಿಗೆ ಗೊತ್ತು. ನಿಯಮದಲ್ಲಿರುವ ವ್ಯವಸ್ಥೆಗೆ ಅರ್ಜಿ ಹಾಕಿಯಾಗಿದೆ ಎನ್ನುತ್ತಾರೆ.

ನಾಲ್ಕು ದಿನ ಟಿಪ್ಪರುಗಳು ಸುತ್ತಿ ಹೋದವು. ಐದನೇ ದಿನ, ರೇಷ್ಮಾಳ ಕೈಯ ಪ್ಲಾಸ್ಟರ್ ಬಿಚ್ಚಿ ವಾರವಾಗಿತ್ತು, ರಾಮವ್ವ ಖಾದರಬಿಯನ್ನು ಕರೆದರು: "ಬಂದು ಕಣ್ಣಾರೆ ನೋಡು. ಆಮ್ಯಾಲ ಮಗಳನ್ನ ಸೈಕಲ್ ಹತ್ತಸು." ಖಾದರಬಿ ಎಂಟಕ್ಕೇ ಬಂದು ತಿರುವಿನಲ್ಲಿ ನಿಂತರು.

ಒಂಬತ್ತಕ್ಕೆ ಮೊದಲೇ ರಾಮವ್ವನ ಸಾಲು ತಿರುವಿಗೆ ಬಂತು. ಚೀಲಗಳ ಒಳಗಿನ ಪಟ್ಟಿ ಖಾಲಿ ಇರಲಿಲ್ಲ. ಉದ್ದಕ್ಕೂ ಹಸಿರು ಕಾಳು ನೀಟಾಗಿ ಹರವಿತ್ತು. ಪಕ್ಕದಲ್ಲಿ ಕೋಲು ಹಿಡಿದು, ಟವೆಲ್ ಸುತ್ತಿಕೊಂಡು ಉಡಚಪ್ಪ ಕುಳಿತಿದ್ದರು. ಉಡಚಪ್ಪ ರಾಮವ್ವನ ಗಂಡ.

ರಾಮವ್ವನಿಗೆ ಇಳಿಯಲು ಬರುವುದಿಲ್ಲ. ತಬ್ಬಲು ಬೇವಿನ ಮರವೂ ಇರಲಿಲ್ಲ. ಕಾಳಿನ ಮೇಲೆ ಗಾಲಿ ಜಾರಿತು, ಅವರು ಹೊಟ್ಟಿನ ಚೀಲದ ಮೇಲೆ ಮೆತ್ತಗೆ ಬಿದ್ದರು. ಹಿಂದಿನ ಐದೂ ಹುಡುಗಿಯರು ಬ್ರೇಕ್ ಹಾಕಿ ನಿಂತು, ನಗು ಬಿಗಿಹಿಡಿದರು.

"ಇದೇನ್ ಮಾಡೀರಿ?" ಬಿದ್ದಲ್ಲಿಂದಲೇ ಕೇಳಿದರು ರಾಮವ್ವ.

"ಖಾಲಿ ಜಾಗಾ, ಬಾಜೂ ಚೀಲ, ಲಾರಿ ಬರಂಗಿಲ್ಲ," ಅಂದರು ಉಡಚಪ್ಪ. "ಅಗದಿ ಚಲೋ ಮಾಡ್ಯಾಳ ಇಕಿ, ನನ್ನ ಸಲುವಾಗಿ, ಅಂದ್ಕೊಂಡೆ."

"ಮೂವತ್ತು ವರ್ಷದಾಗ ಒಮ್ಮೆರ ನಾ ಮಾಡಿದ್ದು ಚಲೋ ಅಂದೀರೇನು? ಅಂದದ್ದೂ ಇದಕ್ಕ!"

ಎಲ್ಲರೂ ಖಾದರಬಿಯ ಮುಖ ನೋಡಿದರು. ಆಕೆ "ಇನ್ನೊಮ್ಮಿ" ಎಂದು ಎಚ್ಚರಿಸಿದ್ದ ತಿರುವಿನಲ್ಲೇ ಮತ್ತೆ ಒಬ್ಬರು ಬಿದ್ದಾಗಿತ್ತು. ರಾಮವ್ವ ಸೀರೆ ಕೊಡವಿಕೊಂಡು ಎದ್ದರು.

ಖಾದರಬಿ ಹೇಳಿದರು: "ಒಂದ್ ತಾಸಾತು ನಿಂತೇನಿ. ಏಳು ಗಾಡಿ ಹೋದ್ವು, ಏಳೂ ಸರದು ಹೋದ್ವು. ಇಲ್ಲಿ ಸರೀಲಾರದವರು ಈ ಕಾಕಾ ಒಬ್ಬರ." ಉಡಚಪ್ಪನ ಕಡೆ ತಿರುಗಿದರು. "ಕಾಕಾ, ಕಾಳು ಕಾಯಾಕ ಮುಂಜಾನಿಂದ ಕುಂತೀರಿ. ಹುಡುಗ್ಯಾರನ್ನ ಕಾಯಾಕ ಕುಂಡ್ರಾಕ ಬರೂದಿಲ್ಲೇನ್ರಿ? ನೀವು ದಿನಾ ಕುಂಡ್ರತೀನಿ ಅಂದ್ರ ನಾ ರೇಷ್ಮಾನ್ನ ಕಳಸ್ತೀನಿ."

ಉಡಚಪ್ಪ ಹೆಂಡತಿಯನ್ನು ನೋಡಿದರು, ಹುಡುಗಿಯರನ್ನು ನೋಡಿದರು, ಕಾಳನ್ನು ನೋಡಿದರು. ಆಮೇಲೆ ಪೊರಕೆ ತೆಗೆದುಕೊಂಡರು.

ಮರುದಿನ ರೇಷ್ಮಾ ಸಾಲಿನಲ್ಲಿದ್ದಳು. ಈಗ ಜನವರಿ. ಉಡಚಪ್ಪ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ತಿರುವಿನಲ್ಲಿ ಕೋಲು ಹಿಡಿದು ಕೂರುತ್ತಾರೆ. ಚೀಲ ಇಡುವುದು, ದಾಟಿಸುವುದು, ತೆಗೆಯುವುದು ಎಲ್ಲ ಅವರದೇ. ಉಳಿದ ರೈತರು ಯಾವ ಸುಗ್ಗಿಯ ಕಾಳನ್ನಾದರೂ ತಿರುವಿನಾಚೆ ಒಣಹಾಕುತ್ತಾರೆ. ಹಾಕದಿದ್ದರೆ ಉಡಚಪ್ಪನೇ ಜಗಳಕ್ಕೆ ಹೋಗುತ್ತಾರೆ.

ಹೆಸರಿನ ಸುಗ್ಗಿ ಮುಗಿದು ನಾಲ್ಕು ತಿಂಗಳಾಯಿತು. ಕಳೆದ ವಾರ ಟಿಪ್ಪರ್ ಚಾಲಕನೊಬ್ಬ ವೇಗ ತಗ್ಗಿಸಿ ಕಿಟಕಿಯಿಂದ ತಲೆ ಹಾಕಿದ.

"ಏನ್ ಕಾಕಾ, ನಿಮ್ಮ ಹೆಸರುಕಾಳು ಇನ್ನೂ ಒಣಗಿಲ್ಲೇನು?"

"ಇಲ್ಲೋ ತಮ್ಮಾ," ಅಂದರು ಉಡಚಪ್ಪ, ಕೋಲಿನಿಂದ ಆಚೆ ಬದಿ ತೋರಿಸುತ್ತ. "ಹತ್ತನೇ ಕ್ಲಾಸಿನ ಪರೀಕ್ಷಿ ಮುಗಿಯೂಮಟಾ ಒಣಗಂಗಿಲ್ಲ. ನೀ ಬಾಜೂ ಹೋಗು."