ಸೋತವನ ಮಾತು

ಹೋದ ತಿಂಗಳು ಹಾಸನದ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದೆ. ಒಂದೇ ಬೆರಳಲ್ಲಿ ಟೈಪು ಮಾಡುವ ಗಿರಾಕಿ ನಾನು. ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿರುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ನಮ್ಮ ಲ್ಯಾಬ್ ಅಸಿಸ್ಟೆಂಟು ಇಂಟರ್‌ನೆಟ್ಟಿನ ಒಂದು ಪುಟ ತೆರೆದಿಟ್ಟು ಊಟಕ್ಕೆ ಎದ್ದು ಹೋಗಿದ್ದರು. ಬೇರೆಯವರ ಪರದೆ ಇಣುಕಬಾರದು, ಗೊತ್ತು. ಇಣುಕಿದೆ. ಪರದೆಯ ನಟ್ಟನಡುವೆ ಒಂದು ಗೆರೆ, ಎಡಗಡೆ ಕೆಂಪು ವಿಮಾನ, ಬಲಗಡೆ ನೀಲಿ ವಿಮಾನ. ನನ್ನ ಹೆಬ್ಬೆರಳು ತಾನಾಗಿ ಮೇಜು ಕುಟ್ಟತೊಡಗಿತು.

ಅದು ಹಳೆಯ ವಿಡಿಯೋ ಗೇಮೊಂದರ ಬಗ್ಗೆ ಆಡಿದವರು ಬರೆದ ಅಭಿಪ್ರಾಯಗಳ ಪುಟ. ಯಾವ ದೇಶದವನೋ ಒಬ್ಬ ಬರೆದಿದ್ದ, ಈ ಆಟದಲ್ಲಿ ಎಡಗಡೆ ಕೂತವನಿಗೇ ಲಾಭ ಅಂತ. ಹಾಗನ್ನುವವನಿಗೆ ಆಟವೇ ಬರುವುದಿಲ್ಲ ಅಂತ ಅದರ ಕೆಳಗೆ ಇನ್ನೊಬ್ಬ. ಗುಂಡಿ ಒತ್ತಿ ಹಿಡಿದು ದೊಡ್ಡ ಗುಂಡು ಹಾರಿಸುವವರೆಲ್ಲ ಹೇಡಿಗಳು ಅಂತ ಮೂರನೆಯವನು. ಅಯ್ಯೋ ದೇವರೇ, ಇದು ನಮ್ಮ ಹೊಳೆನರಸೀಪುರದ ಜಗಳ ಅಲ್ಲವೇ! ಇದನ್ನೆಲ್ಲ ನಾವು ಆಗಲೇ ಆಡಿ, ಕಿರುಚಿ, ಕಾಲರ್ ಹಿಡಿದು ಮುಗಿಸಿದ್ದೆವಲ್ಲ. ಪ್ರಶ್ನೆಪತ್ರಿಕೆ ಅಲ್ಲೇ ಉಳಿಯಿತು.

ಹೊಳೆನರಸೀಪುರದ ನಮ್ಮ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಾಜಣ್ಣನ ಅಂಗಡಿ. ಅವನು ಕಸುಬಿನಲ್ಲಿ ದರ್ಜಿ. ಹೊಲಿಗೆಗೆ ಜನ ಕಡಿಮೆಯಾದರು ಅಂತ ಅರ್ಧ ಅಂಗಡಿಗೆ ಒಂದು ಗೇಮ್ ಮೆಷಿನ್ ತಂದು ನಿಲ್ಲಿಸಿದ. ಇನ್ನರ್ಧದಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ರವಿಕೆ ಹೊಲಿಯುತ್ತಲೇ ಇದ್ದ. ರವಿಕೆ ಅಳತೆ ಕೊಡಲು ಬಂದ ಹೆಂಗಸರು ನಮ್ಮ ಬಾಯಿಂದ ಬರುವ ಮಾತು ಕೇಳಿ ಸೆರಗು ಬಾಯಿಗಿಟ್ಟುಕೊಂಡು ಓಡುತ್ತಿದ್ದರು. ಬರೀ ಇದರಿಂದಲೇ ಅವನ ಹೊಲಿಗೆ ಇನ್ನಷ್ಟು ಕಡಿಮೆಯಾಯಿತು ಅಂತ ನನ್ನ ಅನುಮಾನ.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಬ್ಬರು ಒಬ್ಬರಿಗೊಬ್ಬರು ಎದುರಾಳಿಗಳಾಗಿ ಆಡುವ ಗುಂಡಿನ ಆಟ. ನಿಮ್ಮ ಪಾಲಿನ ಅರ್ಧದಲ್ಲಿ ಮೇಲಿಂದ ಇಳಿಯುವ ಶತ್ರುಗಳನ್ನು ಸಾಲಾಗಿ ಹೊಡೆದರೆ, ಬೆಂಕಿಯುಂಡೆಗಳೆದ್ದು ಗೆರೆ ದಾಟಿ ಪಕ್ಕದವನ ಪಾಲಿಗೆ ಬೀಳುತ್ತವೆ. ಅವನು ಅವನ್ನೂ ಹೊಡೆದರೆ ವಾಪಸ್ಸು ನಿಮ್ಮ ತಲೆಗೇ. ನೆರೆಮನೆಯವರಿಬ್ಬರು ಕಾಂಪೌಂಡಿನ ಮೇಲಿಂದ ಕಸ ಎಸೆದಾಡಿದ ಹಾಗೆ. ಎರಡು ಸ್ಟೂಲು. ಎಡಗಡೆಯದರಲ್ಲಿ ಮಂಜ, ಬಲಗಡೆಯದರಲ್ಲಿ ನಾನು.

ಮಂಜ ನನ್ನ ಪಿಯುಸಿ ಜೊತೆಗಾರ. ಅರಕಲಗೂಡು ದಾರಿಯ ಒಂದು ಹಳ್ಳಿಯ ಗೌಡರ ಮಗ. ನಾನು ಗುಡಿ ಬೀದಿಯ ಮೇಷ್ಟರ ಮಗ. ಮಂಜ ಬೆಳಗಿನ ಬಸ್ಸಿನಲ್ಲಿ ಬರುವಾಗ ಅವರವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದ. ಅದರಲ್ಲಿ ಮುಕ್ಕಾಲು ನನ್ನ ಹೊಟ್ಟೆಗೆ. "ತಿನ್ಲಾ, ತಿನ್ಲಾ, ಪುಳ್ಚಾರು ತಿಂದೂ ತಿಂದೂ ಕಡ್ಡಿ ಆಗಿದೀಯ" ಅಂತ ಬೈಯುತ್ತಿದ್ದ. ಅವನು ಬೈದರೆ ಮೈ ಸವರಿದ ಹಾಗಿರುತ್ತಿತ್ತು. ನನಗೆ ಅಣ್ಣತಮ್ಮಂದಿರಿಲ್ಲ. ಎರಡು ವರ್ಷ ಆ ಎರಡು ಸ್ಟೂಲುಗಳೇ ನನ್ನ ಪ್ರಪಂಚ ಅಂದರೆ ನಗಬೇಡಿ.

ರಾಜಣ್ಣನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮೊದಮೊದಲು ಆಟ ಮುಗಿದ ಕೂಡಲೇ ಹೊಡೆದಾಟ. ಗುಂಡಿ ಸರಿಯಿಲ್ಲ ಅಂತ ಸೋತವನು, ನಿನ್ನ ಮುಖ ಅಂತ ಗೆದ್ದವನು. ಒಂದು ದಿನ ಸ್ಟೂಲಿನ ಕಾಲು ಮುರಿಯಿತು. ರಾಜಣ್ಣ ಕತ್ತರಿ ಹಿಡಿದುಕೊಂಡೇ ಎದ್ದು ಬಂದ. "ಇನ್ ಮ್ಯಾಲೆ ಸೋತೋನು ಮೊದ್ಲು ಮಾತಾಡ್ಲಿ. ಯಾಕೆ ಸೋತೆ ಅಂತ ಅವ್ನ ಅಬಿಪ್ರಾಯ ಪೂರ್ತಿ ಯೋಳ್ಲಿ. ಅವ್ನು ಮುಗ್ಸೋಗಂಟ ಗೆದ್ದೋನು ಮಾತಾಡಂಗಿಲ್ಲ, ಸ್ಟೂಲಿಂದ ಏಳಂಗಿಲ್ಲ. ಎದ್ರೆ ಅಂಗಡಿ ಒಳೀಕ್ ಬರಂಗಿಲ್ಲ." ಅವನ ಲೆಕ್ಕ ಸರಿಯಾಗೇ ಇತ್ತು. ಬಾಯಿ ಖಾಲಿಯಾದ ಮೇಲೆ ಕೈ ಏಳುವುದಿಲ್ಲ.

ಈ ಪದ್ಧತಿ ಬಂದದ್ದೇ ತಡ, ನನ್ನ ಅದೃಷ್ಟ ಖುಲಾಯಿಸಿತು. ಆಟದಲ್ಲಿ ನಾನು ಅಷ್ಟಕ್ಕಷ್ಟೆ; ಸೋತ ಮೇಲಿನ ಭಾಷಣದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾಲ್ಕು ಗಂಟೆಯ ಬಿಸಿಲು ಬಾಗಿಲಿಂದ ಬಂದು ಪರದೆಯ ಬಲಗಡೆಯ ಅರ್ಧಕ್ಕೇ ಹೊಡೆಯುತ್ತದೆ ಅಂತ ಕಂಡುಹಿಡಿದದ್ದು ನಾನು. ಕೆಂಪು ವಿಮಾನದ ರೆಕ್ಕೆ ನೀಲಿಯದಕ್ಕಿಂತ ಒಂದು ಕೂದಲು ಗಿಡ್ಡ, ಆದ್ದರಿಂದ ಅದಕ್ಕೆ ಏಟು ಕಡಿಮೆ ಅಂತ ಹೊಲಿಗೆ ಟೇಪು ಹಿಡಿದು ತೋರಿಸಿದ್ದೂ ನಾನೇ. ಜನ ನಿಂತು ಕೇಳುತ್ತಿದ್ದರು. ಮಂಜ ಗೆದ್ದು, ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ ಸ್ಟೂಲಿನ ಮೇಲೆ ಒದ್ದಾಡುತ್ತಿದ್ದ.

ಆಗ ಬಂದ, ಕೇಶವ.

ರುದ್ರಪಟ್ಟಣದವನು. ಅಲ್ಲಿಯವರು ಅಂದಮೇಲೆ ಕೇಳಬೇಕೆ, ಮನೆಮಂದಿಯೆಲ್ಲ ಸಂಗೀತದವರು. ಓದಲಿ ಅಂತ ಇವನನ್ನು ನಮ್ಮೂರಿನ ಸೋದರಮಾವನ ಮನೆಗೆ ಕಳಿಸಿದ್ದರು. ಮೃದಂಗದ ಮೇಷ್ಟ್ರು ಆ ಮಾವ. ಕೇಶವ ಬೆಳ್ಳಗೆ, ತೆಳ್ಳಗೆ, ಮಾತು ಎಣಿಸಿಟ್ಟ ಹಾಗೆ. ನಾಲ್ಕೇ ದಿನದಲ್ಲಿ ನನ್ನನ್ನು ಸೋಲಿಸಿದ. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಎಲ್ಲರೂ ಸೋಲಿಸುತ್ತಿದ್ದರು. ಐದನೇ ದಿನ ಮಂಜನ ಕೈಲಿ ಅವನು ಸೋತ. ಪದ್ಧತಿಯಂತೆ ಎಲ್ಲರೂ ಅವನ ಅಭಿಪ್ರಾಯಕ್ಕೆ ಕಾದರು. "ಮಂಜ ಚೆನ್ನಾಗಿ ಆಡಿದ. ನಾನು ಸೋತೆ" ಅಂದ. ಮುಗಿಯಿತು. ಅಷ್ಟೇ.

 ರಾಜಣ್ಣ ಕೂಡ ಹೊಲಿಗೆ ಮೆಷಿನ್ ನಿಲ್ಲಿಸಿ ತಲೆಯೆತ್ತಿ ನೋಡಿದ. ಮಂಜ ನನ್ನ ಕಡೆ ತಿರುಗಿ, "ನೋಡ್ಲಾ, ಮನ್ಸ ಅಂದ್ರೆ ಇಂಗಿರ್ಬೇಕು ಕಣ್ಲಾ. ನೀನು ಸೋತ್ರೆ ಬಿಸ್ಲು ಅಂತೀಯ, ರೆಕ್ಕೆ ಅಂತೀಯ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೇ ದಿನದಿಂದ ಬಲಗಡೆಯ ಸ್ಟೂಲು ಕೇಶವನದಾಯಿತು. ನಾನು ಹಿಂದೆ ನಿಂತೆ. ಹುಚ್ಚೆಳ್ಳು ಚಟ್ನಿಯಲ್ಲೂ ಮೂರನೇ ಪಾಲು. ಮಂಜ ಅವನಿಗೂ "ತಿನ್ಲಾ" ಅಂದ ದಿನ ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ಹೆಂಡತಿ ವಿಷಯದಲ್ಲಿ, ಆಸ್ತಿ ವಿಷಯದಲ್ಲಿ ಹೊಟ್ಟೆಕಿಚ್ಚು ಪಟ್ಟರೆ ಜನಕ್ಕೆ ಅರ್ಥವಾಗುತ್ತದೆ. ಒಂದು ಮರದ ಸ್ಟೂಲಿಗಾಗಿ ನಾನು ಎಷ್ಟು ಮೈ ಪರಚಿಕೊಂಡಿದ್ದೇನೆ ಅಂತ ಯಾರ ಹತ್ತಿರ ಹೇಳಲಿ?

ಅಷ್ಟು ಬೇಗ ಬೇಗ ಗುಂಡಿ ಒತ್ತಲು ಇವನಿಗೆ ಹೇಗೆ ಬರುತ್ತದೆ? ನನ್ನ ಪಂಡಿತ ಬುದ್ಧಿ ಓಡಿತು. ಮೃದಂಗ! ಮನೆತನದ ಬೆರಳು! ಹಾಗಾದರೆ ನಾನೂ ಕಲಿತರಾಯಿತು. ಸಂಗೀತದ ಮೇಲೆ ಭಕ್ತಿ ಹುಟ್ಟಿದೆ ಅಂತ ಅಪ್ಪನ ಹತ್ತಿರ ಸುಳ್ಳು ಹೇಳಿ, ಕೇಶವನ ಮಾವನ ಹತ್ತಿರವೇ ಪಾಠಕ್ಕೆ ಸೇರಿದೆ. ಅಮ್ಮ ಸಂತೋಷದಿಂದ ದೇವರಿಗೆ ತುಪ್ಪದ ದೀಪ ಹಚ್ಚಿದಳು. ವಿಡಿಯೋ ಗೇಮಿನಲ್ಲಿ ಗೆಲ್ಲುವುದಕ್ಕೆ ತ ಧಿ ತೊಂ ನಂ ಬಾರಿಸಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬೆರಳಿನ ತುದಿಗೆ ಬೊಬ್ಬೆ ಬಂದು ಗುಂಡಿ ಒತ್ತಲೂ ಆಗದೆ, ಇನ್ನೂ ಬೇಗ ಸೋಲತೊಡಗಿದೆ.

ಮೂರನೇ ವಾರ ಮೇಷ್ಟ್ರು ನನ್ನ ಕೈ ಹಿಡಿದು ಸರಿಮಾಡುತ್ತಾ ಅಂದರು: "ಪರವಾಗಿಲ್ಲ ಮರಿ, ನಿನಗೆ ಲಯ ಇದೆ. ನಮ್ಮ ಕೇಶವನ್ನ ಏಳನೇ ವಯಸ್ಸಿಂದ ಕೂರಿಸಿದ್ವಿ, ಆದಿತಾಳವೇ ಕೈಗೆ ಹತ್ತಲಿಲ್ಲ. ಸಂಗೀತೋತ್ಸವದಲ್ಲಿ ಮನೆ ಮಕ್ಕಳೆಲ್ಲ ವೇದಿಕೆ ಮೇಲೆ, ಇವನೊಬ್ಬ ಜಮಖಾನ ಹಾಸೋದಕ್ಕೆ. ಅವರಪ್ಪನಿಗೆ ನೋಡಿ ನೋಡಿ ಅವಮಾನ. ಅದಕ್ಕೇ ಇಲ್ಲಿಗೆ ಕಳಿಸಿಬಿಟ್ರು."

ಕೇಶವ ಆಗಲೇ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಾಫಿ ಕೊಟ್ಟ. ಗೇಟಿನವರೆಗೆ ಬಂದು ಕಳಿಸುವಾಗ ಮೆಲ್ಲಗೆ, "ಅಂಗಡೀಲಿ ಹೇಳಬೇಡ ಕಣೋ" ಅಂದ. "ಛೇ, ನಾನ್ಯಾಕೆ ಹೇಳಲಿ" ಅಂದೆ. ಅಂದಾಗ ನಿಜವಾಗಿಯೇ ಅಂದಿದ್ದೆ. ಅದನ್ನು ನೀವು ನಂಬಬೇಕು.

ದಸರಾ ರಜದಲ್ಲಿ ಹಾಸನದ ಒಂದು ಗೇಮ್ ಅಂಗಡಿಯವನು ಪಂದ್ಯ ಇಟ್ಟ. ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಒಂದೊಂದು ಊರಿಂದ ಇಬ್ಬಿಬ್ಬರು. ನಮ್ಮೂರಿಂದ ಮಂಜ ಹೋಗುವುದು ಗ್ಯಾರಂಟಿ. ಅವನ ಜೊತೆ ಯಾರು? ನಾನು, ಕೇಶವ ಆಡಬೇಕು, ಗೆದ್ದವನು ಹೋಗಬೇಕು ಅಂತ ರಾಜಣ್ಣ ತೀರ್ಮಾನ ಮಾಡಿದ. ಮಂಜನ ಪಕ್ಕ ಕೂತು ಹಾಸನಕ್ಕೆ ಬಸ್ಸಿನಲ್ಲಿ ಹೋಗುವುದು, ಮಧ್ಯಾಹ್ನ ಇಬ್ಬರೂ ಹೋಟೆಲಲ್ಲಿ ಮಸಾಲೆ ದೋಸೆ ತಿನ್ನುವುದು, ಇಷ್ಟನ್ನೇ ನಾನು ಎಂಟು ದಿನ ಕನಸು ಕಂಡೆ. ಗೆಲ್ಲುವ ಕನಸು ಒಂದು ಸಲವೂ ಬೀಳಲಿಲ್ಲ.

ಸೋತೆ. ಹತ್ತಿರ ಹತ್ತಿರ ಬಂದು ಸೋತೆ, ಅದು ಇನ್ನೂ ಕೆಟ್ಟದ್ದು. ಮಂಜ "ಸಾಬಾಸ್ ಕೇಸವಾ!" ಅಂತ ಅವನ ಬೆನ್ನಿಗೆ ಗುದ್ದಿದ. ಆ ಗುದ್ದು ನನಗೆ ಬರಬೇಕಾದದ್ದು ಅನ್ನಿಸಿತು. ಈಗ ನಾನು ಮಾತಾಡಬೇಕು, ಸೋತವನಲ್ಲವೇ. ಅಂಗಡಿ ತುಂಬ ಜನ. ಬಿಸಿಲಿರಲಿಲ್ಲ, ಮೋಡ ಕವಿದಿತ್ತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ನನ್ನ ಅಭಿಪ್ರಾಯ ಹೇಳ್ತೀನಿ. ಇವನಿಗೆ ಲಯ ಇಲ್ಲ. ಲಯ ಇರೋರ ಗುಂಡು ಯಾವಾಗ ಬರತ್ತೆ ಅಂತ ಗೊತ್ತಾಗತ್ತೆ, ತಪ್ಪಿಸ್ಕೋಬಹುದು. ಇವನದು ಅಡ್ಡಾದಿಡ್ಡಿ. ರುದ್ರಪಟ್ಟಣದಲ್ಲಿ ಇಡೀ ಮನೆತನ ವೇದಿಕೆ ಮೇಲಿದ್ರೆ ಇವನು ಜಮಖಾನ ಹಾಸ್ತಾನೆ. ಸ್ವಂತ ಅಪ್ಪನೇ ಅವಮಾನ ತಡೀಲಾರದೆ ಊರಿಂದ ಓಡಿಸಿದ್ದಾರೆ. ಇಂಥ ತಾಳಗೆಟ್ಟವನ ಜೊತೆ ಯಾರು ತಾನೇ ಆಡಕ್ಕಾಗತ್ತೆ?"

ಕೆಲವರು ನಕ್ಕರು. ಕೇಶವ ಗೆದ್ದವನು, ಮಾತಾಡುವಂತಿಲ್ಲ, ಏಳುವಂತಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಿವಿ ಕೆಂಪಗಾಗಿತ್ತು. ನಾನು ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ, ಅವನು ಏಳಲಾರ ಅಂತ ಗೊತ್ತಿದ್ದೇ ಇನ್ನೂ ಐದು ನಿಮಿಷ ಎಳೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಕೊನೆಗೆ ರಾಜಣ್ಣನೇ, "ಸಾಕ್ ನಿಲ್ಸ್ಲಾ, ಥೂ" ಅಂದ. ಕೇಶವ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಆ ಅಂಗಡಿಗೆ ಬರಲಿಲ್ಲ.

ಹಾಸನಕ್ಕೆ ನಾನೇ ಹೋದೆ. ಬಸ್ಸಿನಲ್ಲಿ ಮಂಜನ ಪಕ್ಕವೇ ಕೂತೆ. ಅವನ ಮುಖ ಹೋಗುವಾಗಲೂ ಕಿಟಕಿ ಕಡೆ, ಬರುವಾಗಲೂ ಕಿಟಕಿ ಕಡೆ. ಮೊದಲ ಸುತ್ತಿನಲ್ಲೇ ಚನ್ನರಾಯಪಟ್ಟಣದವರ ಕೈಲಿ ಇಬ್ಬರೂ ಸೋತೆವು. ಯಾಕೆ ಸೋತಿರಿ ಅಂತ ಅಲ್ಲಿ ಯಾರೂ ಕೇಳಲಿಲ್ಲ. ದೋಸೆ ತಿನ್ನೋಣವೇನೋ ಅಂದೆ. "ಅಸಿವಿಲ್ಲ" ಅಂದ. ಮಂಜನಿಗೆ ಹಸಿವಿಲ್ಲದ್ದನ್ನು ನಾನು ಅದೇ ಮೊದಲು ನೋಡಿದ್ದು. ಊರಲ್ಲಿ ಇಳಿದವನು ನೆಟ್ಟಗೆ ಕೇಶವನ ಮಾವನ ಮನೆ ಬೀದಿಗೆ ನಡೆದ. ಬಾ ಅಂತ ನನ್ನನ್ನು ಕರೆಯಲಿಲ್ಲ. ಆಮೇಲೆ ಪರೀಕ್ಷೆ, ಆಮೇಲೆ ಮೈಸೂರಲ್ಲಿ ನನ್ನ ಓದು, ಆಮೇಲೆ ಕೆಲಸ. ಹನ್ನೆರಡು ವರ್ಷ ಕಳೆದುಹೋಯಿತು.

ಆ ಪುಟ ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಲ್ಲಿ ಇಲ್ಲಿ ವಿಚಾರಿಸಿದೆ. ಮಂಜ, ಕೇಶವ ಇಬ್ಬರೂ ಸೇರಿ ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ ಅಂತ ಗೊತ್ತಾಯಿತು. ಇಬ್ಬರೂ ಸೇರಿ! ತಪ್ಪೊಪ್ಪಿಕೊಳ್ಳಲು ಹೊರಟವನಿಗೆ ಮೊದಲು ಕಿವಿಗೆ ಚುಚ್ಚಿದ್ದು ಅದೇ. ಶಾಂತಿಗ್ರಾಮ ದಾಟುವವರೆಗೂ ಬಸ್ಸಿನಲ್ಲಿ ನನ್ನನ್ನೇ ಬೈದುಕೊಂಡೆ.

ಕೇಶವ ನೆಲದ ಮೇಲೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಮುಂದೆ ಸ್ವಲ್ಪ ಬೋಳಾಗಿದೆ. ಗುರುತು ಹಿಡಿದ, ನಕ್ಕ. "ಕೇಶವ, ಅವತ್ತು ರಾಜಣ್ಣನ ಅಂಗಡೀಲಿ ನಾನು..." ಅಂತ ಶುರು ಮಾಡಿದೆ. "ಅಯ್ಯೋ, ಬಿಡಿ ಸಾರ್, ಯಾವ ಕಾಲದ್ದು" ಅಂದುಬಿಟ್ಟ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ದಂಡವಾಯಿತು.

ಅಷ್ಟರಲ್ಲಿ ಮಂಜ ಬಂದ. ಹೊಟ್ಟೆ ಬಂದಿದೆ, ಮೀಸೆ ದಪ್ಪಗಾಗಿದೆ. ಒಂದು ಗಳಿಗೆ ನೋಡಿದ. ಆಮೇಲೆ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, "ಬನ್ನಿ ಸಾ, ಕೂತ್ಕಳಿ. ಕಾಲೇಜಲ್ಲಿ ಮೇಷ್ಟ್ರಾಗಿದೀರಂತೆ, ಕೇಳಿದ್ವಿ, ಸಂತೋಸ ಆಯ್ತು" ಅಂದ. ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದ. ಬಿಸ್ಕತ್ತನ್ನು ತಟ್ಟೆಯಲ್ಲಿ ಹರಡಿ ನನ್ನ ಮುಂದಿಟ್ಟ. ಬೇಕೆಂದೇ ಹೀಗೆ ಮಾಡುತ್ತಿದ್ದಾನೋ ಅಂತ ಮುಖ ನೋಡಿದೆ. ಇಲ್ಲ, ಮಂಜನಿಗೆ ಅಷ್ಟು ಕಪಟ ಎಂದೂ ಬರುತ್ತಿರಲಿಲ್ಲ. ಮನಸಾರೆ ಮರ್ಯಾದೆ ಕೊಡುತ್ತಿದ್ದ.

ಆಮೇಲೆ ಕೇಶವನ ಕೈಲಿದ್ದ ಮೋಟಾರು ನೋಡಿ, "ಲೇ ಕತ್ತೆ, ಇದೇನ್ಲಾ ಇಂಗ್ ಸುತ್ತಿದೀಯ? ಬಿಚ್ಲಾ, ಬಿಚ್ಚು" ಅಂತ ತಲೆಗೊಂದು ಮೊಟಕಿದ. ಕೇಶವ ನಗುತ್ತಾ ತಂತಿ ಬಿಚ್ಚತೊಡಗಿದ. ಮೂವತ್ತು ಮುಟ್ಟಿದ, ಹೆಂಡತಿ ಮಗು ಇರುವ, ನೂರು ಹುಡುಗರಿಗೆ ಪಾಠ ಹೇಳುವ ನಾನು ಕುರ್ಚಿಯಲ್ಲಿ ಕೂತು ಆ ಮೊಟಕಿಗಾಗಿ ಉರಿದುಹೋದೆ.

ಏನು ಮಾಡಿದೆ ಗೊತ್ತೆ? ಹೇಳಲು ನಾಚಿಕೆ. ಕಾಫಿ ಲೋಟವನ್ನು ಬೇಕಂತಲೇ ಮೊಣಕೈಯಿಂದ ತಳ್ಳಿದೆ. ಕಾಫಿ ಅವರ ಬಿಲ್ ಪುಸ್ತಕದ ಮೇಲೆ, ಸುತ್ತಿಟ್ಟಿದ್ದ ತಂತಿಯ ಮೇಲೆ ಹರಿಯಿತು. ತಲೆ ತಗ್ಗಿಸಿ ಕಾದೆ. ಬಯ್ಯೋ ಮಂಜ, ಒಂದೇ ಒಂದು ಸಲ ಬಯ್ಯೋ.

ಮಂಜ ಟವೆಲ್ ಹಿಡಿದು ಓಡಿ ಬಂದ. ನನ್ನ ಕಾಲ ಹತ್ತಿರ ಬಗ್ಗಿ ಒರೆಸುತ್ತಾ, "ಪರ್ವಾಗಿಲ್ಲ ಬಿಡಿ ಸಾ, ನಿಮ್ ಪ್ಯಾಂಟಿಗೆ ಬೀಳ್ನಿಲ್ಲ ತಾನೇ?" ಅಂದ.