ಕೀಲಿ ತಿರುವದೆ ತೆಗೆದ ಫೋಟೋ

ಬಿ.ಎ. ಮುಗಿಸಿ ಕಲ್ಯಾಣಿಗೆ ಮರಳಿದ ಮೇಲೆ ನಾನು ಎಲ್ಲಿಗೂ ಹೋಗಲಾರದೆ ಕೂತೆ. ಈಗ ಬಸವಕಲ್ಯಾಣ ಎನ್ನುವ ಊರು ಆಗ ನಮಗೆ ಬರೀ ಕಲ್ಯಾಣಿ. ೧೯೪೭ ಮುಗಿಯುತ್ತಿತ್ತು. ಆಚೆ ಸ್ವಾತಂತ್ರ್ಯ ಬಂದಿತ್ತು, ನಾವು ನಿಜಾಮರ ರಾಜ್ಯದೊಳಗೇ ಇದ್ದೆವು. ಮೋಟಾರು ಒಂದು ದಿನ ಬಂದರೆ ಮೂರು ದಿನ ಇಲ್ಲ. ನೌಕರಿಯ ಅರ್ಜಿಗಳಿಗೆ ಉತ್ತರ ಇಲ್ಲ. ಹುಮನಾಬಾದಿನವರೆಗೆ ಬಂಡಿಯಲ್ಲಿ ಹೋಗಬಹುದಿತ್ತು, ಅದೇ ಬಂಡಿಯಲ್ಲಿ ತಿರುಗಿ ಬರಬಹುದಿತ್ತು.

ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತವರಲ್ಲಿ ನಾನೇ ಮೊದಲಿಗ. ಅಪ್ಪ ಹಮಾಲ. ನೆಲದೊಳಗಿನ ಹಗೇವುಗಳಿಗೆ ಇಳಿದು ಜೋಳ ಮೇಲೆತ್ತುವುದು ಅವನ ಕಸುಬು. ಅವನ ಬೆನ್ನ ಮೇಲೆ ಚೀಲ ಕೂತ ಜಾಗದಲ್ಲಿ ಕೂದಲೇ ಬೆಳೆಯುತ್ತಿರಲಿಲ್ಲ. ಆ ಬೆನ್ನೇ ನನ್ನನ್ನು ಓದಿಸಿತು. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ.

ಹೈದರಾಬಾದಿನಲ್ಲಿ ನಾನು ಪಾಠ ಹೇಳುತ್ತಿದ್ದ ಮನೆಯವರು, ನಾನು ಊರಿಗೆ ಹೊರಡುವಾಗ, ಒಂದು ಹಳೆಯ ಡಬ್ಬಿ ಕ್ಯಾಮೆರಾ, ನಾಲ್ಕು ಸುರುಳಿ ಫಿಲ್ಮು, ತೊಳೆಯುವ ಔಷಧ ಕೊಟ್ಟಿದ್ದರು. ಕೆಲಸವಿಲ್ಲದವನಿಗೆ ಅದೇ ಕೆಲಸವಾಯಿತು. ದಿನಾ ಬೆಳಿಗ್ಗೆ ಕೋಟೆಯ ಗೋಡೆಯಿಂದ ಬಜಾರಕ್ಕೆ, ಬಜಾರದಿಂದ ಕೆರೆಗೆ, ಕೆರೆಯಿಂದ ಮತ್ತೆ ಕೋಟೆಗೆ. ಬಳೆ ತೊಡಿಸುವವಳು, ನೆರಳಿಗಾಗಿ ಬಂಡಿಯ ಕೆಳಗೆ ಮಲಗಿದ ಮಂಠಾಳದ ರೈತ, ಮಸೀದಿ ಮೆಟ್ಟಿಲ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುವ ಮುದುಕ. ಫಿಲ್ಮು ಮತ್ತೆ ಸಿಗುವ ಭರವಸೆ ಇರಲಿಲ್ಲ. ಹತ್ತು ದಿನ ಸುತ್ತಿದರೆ ಒಂದು ಫೋಟೋ ತೆಗೆಯುತ್ತಿದ್ದೆ. ಉಳಿದದ್ದೆಲ್ಲ ಕಣ್ಣಳತೆ.

ತೊಳೆಯಲು ಕತ್ತಲೆ ಬೇಕು. ನಮ್ಮದು ಒಂದೇ ಅಂಕಣದ ಮನೆ, ಹೆಂಚಿನ ಸಂದಿಯಿಂದ ಹತ್ತು ಕಡೆ ಬಿಸಿಲು. ಅಪ್ಪ ತಾನು ಖಾಲಿ ಮಾಡಿದ ಒಂದು ಹಗೇವು ತೋರಿಸಿದ. ಒಳಗೆ ಗಾಳಿ ಕೆಟ್ಟಿದ್ದರೆ ಇಳಿದವನು ಮೇಲೆ ಬರುವುದಿಲ್ಲ, ಆದ್ದರಿಂದ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುವುದು ರೂಢಿ. ದೀಪ ಆರದಿದ್ದರೆ ನಾನು ಇಳಿಯುತ್ತಿದ್ದೆ. ಅಪ್ಪ ಮೇಲೆ ಕಲ್ಲು ಮುಚ್ಚುತ್ತಿದ್ದ. ನಡು ಮಧ್ಯಾಹ್ನದಲ್ಲಿ ನೆಲದಡಿಯಲ್ಲಿ, ಕೆಂಪು ಬಟ್ಟೆ ಸುತ್ತಿದ ಕಂದೀಲಿನ ಮುಂದೆ, ಪದವೀಧರ ಮಗ ಕೂತಿರುತ್ತಿದ್ದ.

೧೯೪೮ರ ಬೇಸಿಗೆಯಲ್ಲಿ ಹುಮನಾಬಾದಿಗೆ ಹೋದಾಗ ಬಜಾರಿನಲ್ಲಿ ನಿಜಾಮರ ಪರವಾಗಿ ಬಂದೂಕು ಹೊತ್ತ ದಂಡೊಂದು ಸಾಲಾಗಿ ನಡೆದು ಬಂತು. ಆ ದಿನಗಳಲ್ಲಿ ಅಂಥ ದಂಡು ಕಂಡರೆ ಊರಿಗೆ ಊರೇ ಕದ ಹಾಕಿಕೊಳ್ಳುತ್ತಿತ್ತು. ನಾನು ಬಂಡಿಯ ಮರೆಯಿಂದ ಒಂದು ಫೋಟೋ ತೆಗೆದೆ, ಕ್ಯಾಮೆರಾವನ್ನು ಧೋತರದ ಮಡಿಕೆಯಲ್ಲಿ ತುರುಕಿ ಓಡಿದೆ. ಒಂದು ಫೋಟೋ ತೆಗೆದ ಮೇಲೆ ಕೀಲಿ ತಿರುವಿ ಫಿಲ್ಮು ಮುಂದೆ ಸರಿಸಬೇಕು. ಭಯದಲ್ಲಿ ತಿರುವಲಿಲ್ಲ.

ಮರುದಿನ ಕಲ್ಯಾಣಿಯಲ್ಲಿ ನಮ್ಮ ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ದರ್ಜಿ ಕೂಗಿದ. ನಾನು ಪರೀಕ್ಷೆಗೆ ತೊಟ್ಟುಹೋದ ಶೇರವಾನಿ ಹೊಲಿದವನು ಅವನೇ.

"ಏ ಬಿಎ ಸಾಹೇಬ್ರ, ಗಿಡಾ ಗ್ವಾಡಿ ಎಲ್ಲಾದ್ರದೂ ಫೋಟೋ ತಗೀತೀರಿ. ನಮ್ಮ ಮಾರಿ ಏನ್ ಪಾಪ ಮಾಡ್ಯಾದ?"

ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ತೆಗೆದೆ. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು.

ಹಗೇವಿನಲ್ಲಿ ತೊಳೆದಾಗ ನೋಡಿದೆ: ಒಂದೇ ಚೌಕದಲ್ಲಿ ಎರಡೂ ಫೋಟೋ. ದಂಡಿನ ನಟ್ಟ ನಡುವೆ ದರ್ಜಿ ನಗುತ್ತ ನಿಂತಿದ್ದ. ಕೊರಳ ಪಟ್ಟಿ ಗುಂಡಿನ ಪಟ್ಟಿಯ ಹಾಗೆ ಕಾಣುತ್ತಿತ್ತು. ಹರಿದು ಎಸೆಯಬೇಕಿತ್ತು. ಆದರೆ ನಾಲ್ಕು ಸುರುಳಿಯಲ್ಲಿ ಒಂದು ಚೌಕ ಕೆಟ್ಟಿತೆಂದು ಒಪ್ಪಲು ಮನಸ್ಸಾಗಲಿಲ್ಲ. ಕಾಗದದ ಮೇಲೆ ಮೂಡಿಸಿ, ನನ್ನ ಫೋಟೋ ವಹಿಯ ಹಾಳೆಗೆ ಅಂಟಿಸಿ, ಕೆಳಗೆ ಅಂದದ ಅಕ್ಷರದಲ್ಲಿ 'ಹುಮನಾಬಾದ್ ಬಜಾರು, ದಂಡು' ಎಂದು ಬರೆದೆ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮಗನ ಆ ವಹಿಯನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದ. ಒಬ್ಬ ನೆಂಟ ಬೆರಳಿಟ್ಟು ಕೇಳಿದ, "ಅರೆ, ಇವ ನಿಮ್ಮ ಮೂಲಿ ದರ್ಜಿ ಅಲ್ಲೇನು? ಇವನೂ ದಂಡಿನ್ಯಾಗ ಹೊಂಟಾನೇನು?"

ಅಪ್ಪ ನನ್ನ ಮುಖ ನೋಡಿದ. ಬಿ.ಎ. ಆದವನು ಕೀಲಿ ತಿರುವುವುದನ್ನು ಮರೆತ ಎಂದು ಅಪ್ಪನ ಮುಂದೆ ಹೇಳಲಾರದೆ, "ಇರಬಹುದು" ಎಂದೆ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ರಾಜ್ಯ ಬದಲಾಯಿತು. ಅಲ್ಲಿಯತನಕ ನಮ್ಮ ಓಣಿ ಕದ ಹಾಕಿಕೊಳ್ಳುತ್ತಿತ್ತು, ಈಗ ದರ್ಜಿಯ ಮನೆಯಿದ್ದ ಮುಸಲ್ಮಾನರ ಓಣಿ ಹಾಕಿಕೊಂಡಿತು. ನೆಂಟನ ಬಾಯಿಂದ ಮಾತು ಹಬ್ಬಿತ್ತು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪೊಲೀಸರು ದರ್ಜಿಯನ್ನು ಕರೆದೊಯ್ದು ಕೂಡಿಹಾಕಿದರು. ಸಂಜೆಯೊಳಗೆ ನನ್ನ ವಹಿಯೂ ಅವರ ಕಚೇರಿ ಸೇರಿತು. ಊರು ಬಿಡಬೇಡ, ದಿನಾ ಬಂದು ಮುಖ ತೋರಿಸು ಎಂದು ನನಗೂ ಅಪ್ಪಣೆಯಾಯಿತು.

ದರ್ಜಿಯ ಹೆಂಡತಿ ನಮ್ಮ ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. "ಭಾಯಿ, ಹುಮನಾಬಾದಿನ ದಾರಿ ಸುದ್ದಾ ಅವರಿಗೆ ಗೊತ್ತಿಲ್ಲ. ನೀವು ಬರದೀರಂತ, ಅದಕ್ಕ ಒಯ್ದಾರ. ನೀವೇ ಅಳಸ್ರಿ."

ಕಚೇರಿಯ ಸಾಹೇಬರು ಹೊಸಬರು, ವಿಜಾಪುರದ ಕಡೆಯವರು. ನಾನು ಎರಡು ಫೋಟೋ ಕೂಡಿದ ಕತೆ ಹೇಳಿದೆ. ಪಕ್ಕದಲ್ಲಿ ಕೂತ ಗುಮಾಸ್ತ ನಕ್ಕ.

"ಕೀಲಿ ತಿರುವೋದು ಮರತ್ರಂತ! ನಮ್ಮ ಮನ್ಯಾಗಿನ ಮುದುಕಿ ಮರತ್ರ ನಂಬಬಹುದು. ಬಿಎ ಮಾಡಿದವ್ರು ಮರೀತಾರೇನ್ರಿ, ಸಾಹೇಬ್ರ?"

"ಬರದದ್ದೂ ನಿಮ್ಮ ಅಕ್ಷರ," ಎಂದರು ಸಾಹೇಬರು. "ಹೌದಂದದ್ದೂ ನೀವು. ಈಗ ಅಲ್ಲಂತೀರಿ. ಯಾರರ ಹೆದರಿಸ್ಯಾರೇನು?"

ಮೇಜಿನ ಮೇಲೆ ನನ್ನ ಶಾಲೆ ನೌಕರಿಯ ಕಾಗದವೂ ಇತ್ತು. ನಡತೆ ಒಳ್ಳೆಯದು ಎಂದು ಅವರೇ ಬರೆಯಬೇಕಿತ್ತು. ಹೌದೆಂದರೆ ದರ್ಜಿ ಒಳಗೇ ಉಳಿಯುತ್ತಾನೆ, ಅಲ್ಲವೆಂದರೆ ನಾನು ಸುಳ್ಳುಗಾರ. ದಿನಾ ಹಾಜರಿ ಕೊಟ್ಟು, ಅದೇ ಕೋಟೆ, ಅದೇ ಬಜಾರು ಸುತ್ತಿ ಮನೆಗೆ ಬರುತ್ತಿದ್ದೆ. ಹಗೇವಿನಲ್ಲಿ ಉಸಿರು ಕಟ್ಟಿದರೆ ಕಲ್ಲಿಗೆ ಬಡಿದು ಅಪ್ಪನನ್ನು ಕರೆಯಬಹುದಿತ್ತು. ಇಲ್ಲಿ ಬಡಿಯಲು ಕಲ್ಲೂ ಇರಲಿಲ್ಲ.

ಎಂಟನೆಯ ದಿನ ಹೇಳಿದೆ, "ಸಾಹೇಬ್ರ, ಕಡೀ ಸುರುಳಿ ಫಿಲ್ಮಿನ್ಯಾಗ ಒಂದು ಚೌಕ ಉಳಿದಾದ. ನಿಮ್ಮ ಕಣ್ಣ ಮುಂದೆ ಅದೇ ತಪ್ಪು ಮಾಡಿ ತೋರಿಸ್ತೀನಿ."

ಸಾಹೇಬರು ಒಪ್ಪಿ ಜೊತೆಗೆ ಬಂದರು. ಕೆರೆಯಲ್ಲಿ ಎಮ್ಮೆಗಳು ಬಿದ್ದಿದ್ದವು. ಮೊದಲು ಅವನ್ನು ತೆಗೆದೆ. ಆಮೇಲೆ ಕೀಲಿ ಮುಟ್ಟದೆ ಕಚೇರಿಗೆ ಬಂದು, ಕಾಗದ ಹಿಡಿದು ಕೂತ ಗುಮಾಸ್ತನನ್ನು ತೆಗೆದೆ. ತೊಳೆಯುವಾಗ ನಾನು ಮೋಸ ಮಾಡಿಯೇನು ಎಂದು ಸಾಹೇಬರು ಅವನನ್ನೇ ನನ್ನ ಜೊತೆ ಕಳಿಸಿದರು. ಅಪ್ಪ ಹಗೇವಿಗೆ ದೀಪ ಇಳಿಬಿಟ್ಟ.

"ಇದ್ಯಾಕ ದೀಪ?" ಎಂದ ಗುಮಾಸ್ತ.

"ಆರ್ತಾದೋ ಇಲ್ಲೋ ನೋಡಾಕತ್ತೀನ್ರಿ. ಆರಿದ್ರ ಮನಿಷ್ಯಾನೂ ಆರ್ತಾನ."

ಗುಮಾಸ್ತ ಇಳಿದ. ಅಪ್ಪ ಕಲ್ಲು ಮುಚ್ಚಿದ ಕೂಡಲೇ ನನ್ನ ತೋಳು ಹಿಡಿದವನು ಕೊನೆಯವರೆಗೆ ಬಿಡಲಿಲ್ಲ. "ಇದರಾಗ ದಿನಾ ಇಳೀತಿದ್ರೇನ್ರಿ?" ಎಂದು ಒಮ್ಮೆ ಪಿಸುಗುಟ್ಟಿದ. ಅವನ ಮಾತಿನಲ್ಲಿ ಮೊದಲ ಸಲ ಗೇಲಿ ಇರಲಿಲ್ಲ.

ಮರುದಿನ ಬಿಸಿಲಿನಲ್ಲಿ ಕಾಗದದ ಮೇಲೆ ಮೂಡಿದ ಚಿತ್ರವನ್ನು ಸಾಹೇಬರು ಬಹಳ ಹೊತ್ತು ನೋಡಿದರು. ನೀರಿನಲ್ಲಿ ಎಮ್ಮೆಗಳ ನಡುವೆ ಗುಮಾಸ್ತ ಕಾಗದ ಹಿಡಿದು ಕೂತಿದ್ದ. ಅವನ ಹೊಟ್ಟೆಯೊಳಗಿಂದ ಒಂದು ಕೋಡು ಕಾಣುತ್ತಿತ್ತು.

"ನೀವು ಎಮ್ಮಿ ಯಾವಾಗಿಂದ ಕಾಯಾಕತ್ತೀರಿ?" ಎಂದು ಅವನನ್ನು ಕೇಳಿದರು. ಆಮೇಲೆ ಹಳೆಯ ಫೋಟೋವನ್ನು ಕಿಟಕಿಗೆ ಹಿಡಿದರು. ದರ್ಜಿಯ ಎದೆಯೊಳಗಿಂದ ಒಂದು ಬಂದೂಕಿನ ನಳಿಗೆ ಹಾದುಹೋಗಿದ್ದನ್ನು ಆಗ ಕಂಡರು.

ನನ್ನಿಂದ ಬರೆಸಿಕೊಂಡರು. ತಪ್ಪು ನನ್ನದು, ತಿಳಿದೂ ಸುಳ್ಳು ಬರೆದೆ, ಕೇಳಿದವರಿಗೆ ಸುಳ್ಳು ಹೇಳಿದೆ. ಸಹಿಯ ಮುಂದೆ ಬಿ.ಎ. ಎಂದೂ ಹಾಕಿಸಿದರು. ನಡತೆಯ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, "ಇದರ ಮಾತು ಈಗ ಬ್ಯಾಡ" ಎಂದರು. ಅದು ಬರಲು ಮತ್ತೊಂದು ವರ್ಷವೇ ಹಿಡಿಯಿತು.

ದರ್ಜಿಯನ್ನು ಹೊರಗೆ ಬಿಟ್ಟರು. ಗಡ್ಡ ಬೆಳೆದಿತ್ತು, ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಾನು ಕೋಟೆಯ ಹಿಂದಿನ ಸಂದಿಯ ಕಡೆ ತಿರುಗಿದೆ. ಯಾರೂ ನೋಡದ ಹಾಗೆ ಮನೆ ಮುಟ್ಟಿಸೋಣ ಎಂದು. ಅವನು ನಿಂತ.

"ಅಲ್ಲಿಂದ ಯಾಕ? ನಾ ಕಳ್ಳನೇನ್ರಿ? ಬಜಾರದಾಗಿಂದ ನಡೀರಿ."

ಮೊದಲ ಅಂಗಡಿ ಬೆಲ್ಲದವನದು. ದರ್ಜಿ ನನ್ನನ್ನು ಅದರ ಮುಂದೆ ನಿಲ್ಲಿಸಿದ. "ಶೇಟಜೀ, ಈ ಬಿಎ ಸಾಹೇಬ್ರು ಒಂದು ಮಾತು ಹೇಳ್ತಾರ. ಕೇಳ್ರಿ."

ಬೆಲ್ಲದವನು ತಕ್ಕಡಿ ಬಿಟ್ಟು ನೋಡಿದ. "ಇವರು ದಂಡಿನ್ಯಾಗ ಇರ್ಲಿಲ್ಲ. ನಾ ಕೀಲಿ ತಿರುವೋದು ಮರತಿದ್ದೆ," ಎಂದೆ. "ಮರತದ್ದು ಹೇಳಾಕ ನಾಚಿಕಿ ಆಗಿತ್ತು."

"ಇದಕ್ಕ ಹೈದರಾಬಾದಿಗೆ ಹೋಗಿ ಓದಬೇಕಿತ್ತೇನು?" ಎಂದ ಅವನು.

ಬಳೆಯವಳ ಮುಂದೆ ಹೇಳಿದೆ. ಕ್ಷೌರದ ಮೆಟ್ಟಿಲ ಬಳಿ ಹೇಳಿದೆ. ಕಂಚುಗಾರ ಒಮ್ಮೆ ಕೇಳಿ, ಕಿವಿ ಕೇಳಿಸುವುದಿಲ್ಲವೆಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸಿದ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ದರ್ಜಿ ನಗಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತು, ಕೇಳಿದವರ ಮುಖವನ್ನೇ ನೋಡುತ್ತಿದ್ದ. ಅವರ ಮುಖ ಸಡಿಲಾದ ಮೇಲೆಯೇ ಮುಂದೆ ಹೆಜ್ಜೆ ಇಡುತ್ತಿದ್ದ.

ಅವನ ಅಂಗಡಿಯ ಮೂಲೆ ಕಂಡಾಗ, "ಇನ್ನ ಮನಿಗೆ ನಡೀರಿ, ಕಾಯಾಕತ್ತಾರ," ಎಂದೆ.

"ಕಾಯ್ಲಿ," ಎಂದ ದರ್ಜಿ. "ಆ ಕಡಿ ಸಾಲಿನ್ಯಾಗ ಇನ್ನೂ ಆರು ಅಂಗಡಿ ಅವ. ಬರ್ರಿ."